ಲಿವರ್‌ಪೂಲಿನಿಂದ ಅರವತ್ತು ಮೈಲಿ

ಮೊದಲ ದಿನ, ಲಿವರ್‌ಪೂಲ್

ಬ್ರಾಂಟೆ ಅಕ್ಕತಂಗಿಯರ ಊರು ಹಾವರ್ತ್ ನೋಡಬೇಕು ಅಂದಾಗ ಮ್ಯಾಂಚೆಸ್ಟರ್‌ನಲ್ಲಿರುವ ಮಗಳು ಅದರ ಹತ್ತಿರದ ಕೀತ್ಲಿಗೆ ನೇರ ರೈಲು ಟಿಕೆಟ್ ಹುಡುಕಲು ಕೂತಿದ್ದಳು. ನಾನು ಒಪ್ಪಲಿಲ್ಲ. ಮೊದಲು ಲಿವರ್‌ಪೂಲ್, ಆಮೇಲೆ ಉಳಿದದ್ದು ಅಂದೆ. ಇಪ್ಪತ್ತೆಂಟು ವರ್ಷ ಕುಂದಾಪುರದ ಕಡೆಯ ಕಾಲೇಜಿನಲ್ಲಿ ಐಚ್ಛಿಕ ಇಂಗ್ಲಿಷ್ ಪಾಠ ಮಾಡಿದವಳು ನಾನು. ಎಮಿಲಿ ಬ್ರಾಂಟೆಯ 'ವುದರಿಂಗ್ ಹೈಟ್ಸ್' ಕಾದಂಬರಿಯನ್ನು ಎಷ್ಟು ಬ್ಯಾಚಿಗೆ ಓದಿಸಿದ್ದೇನೋ ಲೆಕ್ಕವಿಲ್ಲ. ಆ ಕಥೆ ಮೋರ್‌ಲ್ಯಾಂಡ್ ಎಂಬ ಬೋಳು ಗುಡ್ಡಗಾಡಿನ ಗಾಳಿಯಲ್ಲಿ ಹುಟ್ಟಿದ್ದಲ್ಲ, ಈ ಬಂದರಿನ ಬೀದಿಯಲ್ಲಿ ಹುಟ್ಟಿದ್ದು ಎಂದು ನನಗೆ ಮೊದಲಿನಿಂದಲೂ ಅನ್ನಿಸಿದೆ.

ಕಥೆಯಲ್ಲಿ ಅರ್ನ್‌ಷಾ ಯಜಮಾನರು ಯಾರ್ಕ್‌ಷೈರಿನ ಗುಡ್ಡದ ಮನೆಯಿಂದ ಲಿವರ್‌ಪೂಲಿಗೆ ಕಾಲ್ನಡಿಗೆಯಲ್ಲಿ ಹೋಗುತ್ತಾರೆ. ಹೋಗಲು ಅರವತ್ತು ಮೈಲಿ, ಬರಲು ಅರವತ್ತು ಮೈಲಿ. ಹೊರಡುವಾಗ ಮಕ್ಕಳನ್ನು ಕರೆದು ಏನು ತರಲಿ ಎಂದು ಕೇಳುತ್ತಾರೆ. ಮಗ ಹಿಂಡ್ಲಿಗೆ ಪಿಟೀಲು ಬೇಕು, ಮಗಳು ಕ್ಯಾಥರಿನ್‌ಗೆ ಚಾವಟಿ. ಮೂರನೇ ದಿನ ರಾತ್ರಿ ತಂದೆ ಬರುತ್ತಾರೆ. ಕೋಟಿನೊಳಗೆ ಪಿಟೀಲು ಪುಡಿಯಾಗಿದೆ, ಚಾವಟಿ ದಾರಿಯಲ್ಲೆಲ್ಲೋ ಬಿದ್ದುಹೋಗಿದೆ. ಅವುಗಳ ಬದಲು ಬಂದದ್ದು ಹರಕು ಬಟ್ಟೆಯ, ಕಪ್ಪು ಕೂದಲಿನ, ಯಾರಿಗೂ ಅರ್ಥವಾಗದ ಭಾಷೆಯಲ್ಲಿ ಗುಣುಗುಡುವ ಒಂದು ಮಗು. ಆ ಮನೆಯಲ್ಲಿ ಹಿಂದೆ ತೀರಿಹೋಗಿದ್ದ ಒಬ್ಬ ಮಗನ ಹೆಸರನ್ನೇ ಅದಕ್ಕೆ ಇಟ್ಟರು. ಹೀತ್‌ಕ್ಲಿಫ್. ಹೆಸರೂ ಅದೇ, ಮನೆತನದ ಹೆಸರೂ ಅದೇ. ಹಾಗಾಗಿ ಆ ಹುಡುಗನಿಗೆ ಕುಲವಿಲ್ಲ.

ಕಾದಂಬರಿಯ ಕಾಲದ ಲೆಕ್ಕ ಹಾಕಿದರೆ ಇದು 1771ರ ಸುಮಾರು ನಡೆದದ್ದು. ಆಗ ಲಿವರ್‌ಪೂಲ್ ಬ್ರಿಟನ್ನಿನ ಗುಲಾಮರ ವ್ಯಾಪಾರಕ್ಕೆ ಮೊದಲ ಬಂದರು. ಅಂದಿನ ಹಡಗುಗಳು ನಿಲ್ಲುತ್ತಿದ್ದ ಹಳೆಯ ಡಾಕ್ 1715ರದ್ದು. 1826ರಲ್ಲಿ ಅದನ್ನು ಮುಚ್ಚಿ ಮೇಲೆ ಊರು ಕಟ್ಟಿದರು. ಈಗ ಅದರ ಮೇಲೆ ದೊಡ್ಡ ಶಾಪಿಂಗ್ ಕೇಂದ್ರವಿದೆ. ಜನ ನಡೆದಾಡುವ ಕಡೆ ನೆಲದಲ್ಲಿ ದುಂಡಗಿನ ಗಾಜೊಂದನ್ನು ಕೂರಿಸಿದ್ದಾರೆ. ಬಗ್ಗಿ ನೋಡಿದರೆ ಕೆಳಗೆ ಹಳೇ ಡಾಕಿನ ಇಟ್ಟಿಗೆ ಗೋಡೆ ಕಾಣುತ್ತದೆ. ಅಲ್ಲಿಂದ ಸ್ವಲ್ಪ ದೂರದ ಟೌನ್ ಹಾಲಿನ ಗೋಡೆಯ ಮೇಲಂಚಿನಲ್ಲಿ ಆನೆ, ಮೊಸಳೆಗಳ ಜೊತೆ ಆಫ್ರಿಕದ ಜನರ ಮುಖಗಳನ್ನೂ ಕೆತ್ತಿದ್ದಾರೆ. ಊರು ಯಾವುದರಿಂದ ಶ್ರೀಮಂತವಾಯಿತು ಎಂಬುದನ್ನು ಹದಿನೆಂಟನೇ ಶತಮಾನದವರು ಮುಚ್ಚಿಟ್ಟಿರಲಿಲ್ಲ, ಹೆಮ್ಮೆಯಿಂದ ಕಲ್ಲಿನಲ್ಲಿ ಕಡೆಸಿ ಎತ್ತರದಲ್ಲಿ ಇಟ್ಟಿದ್ದರು. ಕತ್ತು ನೋಯುವ ತನಕ ನೋಡುತ್ತಾ ನಿಂತೆ.

ಹೀತ್‌ಕ್ಲಿಫ್ ಯಾರ ಮಗು? ಎಮಿಲಿ ಬ್ರಾಂಟೆ ಕೊನೆಯವರೆಗೂ ಹೇಳುವುದಿಲ್ಲ. ಆದರೆ ನೋಡಿದವರೆಲ್ಲ ಒಂದೊಂದು ಹೇಳುತ್ತಾರೆ. ಒಬ್ಬರು ಜಿಪ್ಸಿ ಅನ್ನುತ್ತಾರೆ. ಪಕ್ಕದ ಎಸ್ಟೇಟಿನ ಹಿರಿಯ ಲಿಂಟನ್ ತೂಗುದೀಪದ ಕೆಳಗೆ ಎಳೆದು ಮುಖ ನೋಡಿ 'ಲಸ್ಕರ್' ಇರಬಹುದು ಅನ್ನುತ್ತಾನೆ. ನಿನ್ನ ತಾಯಿ ಇಂಡಿಯಾದ ರಾಣಿ ಎಂದೇ ತಿಳಿದುಕೋ, ಎಂದು ಮನೆಗೆಲಸದ ನೆಲ್ಲಿ ಅವನನ್ನು ಸಮಾಧಾನ ಮಾಡುತ್ತಾಳೆ. ಲಸ್ಕರ್ ಅಂದರೆ ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳಲ್ಲಿ ದುಡಿಯುತ್ತಿದ್ದ ನಮ್ಮ ಕಡೆಯ ನಾವಿಕ. ನಮ್ಮ ಕರಾವಳಿಯಲ್ಲಿ ಖಲಾಸಿ ಅನ್ನುತ್ತೇವೆ. ತಿರುಗಿ ಹೋಗಲು ಹಡಗು ಸಿಗದೆ ಇಂಗ್ಲೆಂಡಿನ ಬಂದರುಗಳಲ್ಲಿ ಭಿಕ್ಷೆಗೆ ಇಳಿದ ಲಸ್ಕರುಗಳು ಆ ಕಾಲದಲ್ಲಿ ಬೇಕಾದಷ್ಟಿದ್ದರು.

ನನ್ನ ಅಜ್ಜಯ್ಯನೂ ಖಲಾಸಿ. ಗಂಗೊಳ್ಳಿಯಿಂದ ಹೆಂಚು ತುಂಬಿದ ಮಂಜಿ ಎಂಬ ಹಾಯಿಹಡಗಿನಲ್ಲಿ ಬೊಂಬಾಯಿಗೆ ಹೋಗಿ ಬರುತ್ತಿದ್ದರು. ಒಂದು ಮಳೆಗಾಲ ಕಾಯಿಲೆಗೆ ಬಿದ್ದು, ಧಣಿಯ ಹತ್ತಿರ ಸಾಲ ಮಾಡಿ, ಎರಡು ಗದ್ದೆಯ ಅಡವು ಪತ್ರಕ್ಕೆ ಹೆಬ್ಬೆಟ್ಟು ಒತ್ತಿದರು. ಪತ್ರದಲ್ಲಿ ಏನು ಬರೆದಿತ್ತೆಂದು ಅವರಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ. ಗದ್ದೆ ತಿರುಗಿ ಬರಲಿಲ್ಲ. ತರಗತಿಯಲ್ಲಿ 'ಲಸ್ಕರ್' ಶಬ್ದ ಬಂದಾಗಲೆಲ್ಲ ನನಗೆ ಅವರ ಹೆಬ್ಬೆರಳಿನ ಶಾಯಿಯ ಕಲೆ ಕಣ್ಣಿಗೆ ಬರುತ್ತಿತ್ತು. ಮಕ್ಕಳಿಗೆ ಯಾವತ್ತೂ ಹೇಳಿರಲಿಲ್ಲ.

"ಅಮ್ಮಾ, ಬಪ್ಪುದಿಲ್ಯಾ? ರೈಲ್ ಹೋತ್ ಕಾಣ್" ಎಂದು ಮಗಳು ಕೈಹಿಡಿದು ಎಳೆದಳು.

ಎರಡನೇ ದಿನ, ಹ್ಯಾಲಿಫ್ಯಾಕ್ಸ್

ಮ್ಯಾಂಚೆಸ್ಟರ್‌ನಲ್ಲಿ ರಾತ್ರಿ ಕಳೆದು ಬೆಳಿಗ್ಗೆ ಹ್ಯಾಲಿಫ್ಯಾಕ್ಸ್ ರೈಲು ಹಿಡಿದೆವು. ಆಗಸ್ಟ್ ಕೊನೆಯ ವಾರ, ಜಿಟಿಜಿಟಿ ಮಳೆ. ಉಣ್ಣೆ ಬಟ್ಟೆಯ ಊರು ಇದು. 1779ರಲ್ಲಿ ತೆರೆದ ಪೀಸ್ ಹಾಲ್ ಎಂಬ ಚೌಕಾಕಾರದ ದೊಡ್ಡ ಅಂಗಳದ ಸುತ್ತ 315 ಕೋಣೆಗಳಿವೆ. ಮನೆಯಲ್ಲಿ ನೇಯ್ದ ಬಟ್ಟೆಯನ್ನು ಇಲ್ಲಿಗೆ ಹೊತ್ತು ತಂದು ಮಾರುತ್ತಿದ್ದರು. ಚೆನ್ನಾಗಿದೆ. ಆದರೆ ನನ್ನ ಕಣ್ಣು ಊರಿನ ಮೇಲಿನ ಗುಡ್ಡದ ಕಡೆಗೇ ಇತ್ತು.

ಆ ಗುಡ್ಡದ ಮೇಲೆ ಸೌತೌರಮ್ ಎಂಬ ಹಳ್ಳಿ. ಅಲ್ಲಿನ ಲಾ ಹಿಲ್ ಎಂಬ ಮನೆಯಲ್ಲಿ ಹೆಣ್ಣುಮಕ್ಕಳ ಶಾಲೆ ಇತ್ತು. 1838ರಲ್ಲಿ ಇಪ್ಪತ್ತು ವರ್ಷದ ಎಮಿಲಿ ಇಲ್ಲಿಗೆ ಟೀಚರ್ ಆಗಿ ಬಂದಳು. ಬೆಳಿಗ್ಗೆ ಆರರಿಂದ ರಾತ್ರಿ ಹನ್ನೊಂದರ ತನಕ ದುಡಿತ, ನಡುವೆ ಅರ್ಧ ಗಂಟೆ ಮಾತ್ರ ಬಿಡುವು. ಅಕ್ಕ ಶಾರ್ಲಟ್ ಗೆಳತಿಗೆ ಬರೆದ ಪತ್ರದಲ್ಲಿ ಇದನ್ನು ಗುಲಾಮಗಿರಿ ಎಂದೇ ಕರೆದಿದ್ದಾಳೆ. ಎಮಿಲಿ ಕೆಲವೇ ತಿಂಗಳಲ್ಲಿ ಬಿಟ್ಟು ಹೋದಳು. ಹಣವಿಲ್ಲದ, ಆದರೆ ಓದು ಬರಹ ಬಲ್ಲ ಪಾದ್ರಿಯ ಮಗಳಿಗೆ ಆ ಕಾಲದಲ್ಲಿ ಇದ್ದದ್ದು ಎರಡೇ ದಾರಿ: ಶಾಲೆಯ ಟೀಚರ್, ಇಲ್ಲವೇ ಶ್ರೀಮಂತರ ಮನೆಯಲ್ಲಿ ಗವರ್ನೆಸ್. ಗವರ್ನೆಸ್ ಅಂದರೆ ಮನೆಯವರ ಜೊತೆ ಊಟಕ್ಕೆ ಕೂರುವ ಹಾಗಿಲ್ಲ, ಆಳುಗಳ ಜೊತೆ ಕೂತರೆ ಅವರಿಗೂ ಇರುಸುಮುರುಸು. ಶಾರ್ಲಟ್, ಎಮಿಲಿ, ಆನ್ ಮೂವರು ಅಕ್ಕತಂಗಿಯರೂ ವರ್ಗ ಎಂಬುದನ್ನು ಪುಸ್ತಕದಲ್ಲಿ ಓದಿ ತಿಳಿದವರಲ್ಲ.

ಲಾ ಹಿಲ್ ಮನೆಗೆ ಇನ್ನೊಂದು ಕಥೆಯಿದೆ, ಅದಕ್ಕಾಗಿಯೇ ನಾನು ಈ ಗುಡ್ಡ ಹತ್ತಿದ್ದು. ಹತ್ತಿರದ ವಾಲ್ಟರ್‌ಕ್ಲಫ್ ಹಾಲಿನ ವಾಕರ್ ಮನೆತನದವರು ಜ್ಯಾಕ್ ಶಾರ್ಪ್ ಎಂಬ ನೆಂಟರ ಹುಡುಗನನ್ನು ತಂದು ಸಾಕಿದರು. ಅವನು ಬೆಳೆದು ವ್ಯಾಪಾರವನ್ನೂ ಮನೆಯನ್ನೂ ಕೈಗೆ ತೆಗೆದುಕೊಂಡ. ಕೊನೆಗೆ ಸ್ವಂತ ಮಗ ಹಕ್ಕು ಕೇಳಿದಾಗ ಮನೆಯನ್ನು ಬರಿದು ಮಾಡಿ ಬಿಟ್ಟುಹೋದ. ಹೋಗಿ ಕಟ್ಟಿಸಿಕೊಂಡದ್ದೇ ಈ ಲಾ ಹಿಲ್. ಅಷ್ಟಕ್ಕೇ ತೃಪ್ತಿಯಾಗದೆ ಆ ಮನೆತನದ ಒಬ್ಬ ಹುಡುಗನನ್ನು ಹತ್ತಿರ ಇಟ್ಟುಕೊಂಡು ಬೇಕೆಂದೇ ಕೆಡಿಸಿದ ಎಂದು ಇಲ್ಲಿನವರು ಹೇಳುತ್ತಾ ಬಂದಿದ್ದಾರೆ. ಸಾಕಿದ ಮನೆಗೇ ಮುಳ್ಳಾದ ಅನಾಥ, ಬೇಕೆಂದೇ ಹಾಳು ಮಾಡಿದ ಹುಡುಗ. ಕಾದಂಬರಿ ಓದಿದವರಿಗೆ ಬೇರೆ ಹೇಳಬೇಕಾಗಿಲ್ಲ. ಎಮಿಲಿ ಈ ಕಥೆಯನ್ನು ಕೇಳಿದ್ದಿರಬೇಕು ಎಂಬುದು ಹಲವು ವಿದ್ವಾಂಸರ ಊಹೆ, ನನಗೂ ಅದೇ ಸರಿ ಅನ್ನಿಸುತ್ತದೆ. ಆದರೆ ಜ್ಯಾಕ್ ಶಾರ್ಪನಿಗೆ ಇಲ್ಲದ ಒಂದನ್ನು ಅವಳು ಹೀತ್‌ಕ್ಲಿಫ್‌ಗೆ ಕೊಟ್ಟಳು: ಸೇಡಿಗೆ ಕಾರಣ.

ಮೂರನೇ ದಿನ, ಹಾವರ್ತ್

ಬಸ್ಸಿನಲ್ಲಿ ಕೀತ್ಲಿಗೆ, ಅಲ್ಲಿಂದ ಉಗಿಬಂಡಿಯಲ್ಲಿ ಹಾವರ್ತ್‌ಗೆ. ಕಲ್ಲಿದ್ದಲಿನ ಹೊಗೆಯ ವಾಸನೆಗೆ ಮಗಳು ಮೂಗು ಮುಚ್ಚಿಕೊಂಡಳು. ನನಗೆ ಬಾಲ್ಯದ ರೈಲು ನೆನಪಾಗಿ ಕಿಟಕಿಯಿಂದ ಮುಖ ತೆಗೆಯಲಿಲ್ಲ. ಸ್ಟೇಷನ್ ಕೆಳಗೆ, ಊರು ಮೇಲೆ. ಕಲ್ಲು ಹಾಸಿದ ಬೀದಿ ಕಡಿದಾಗಿ ಏರುತ್ತದೆ, ಮಳೆ ಬಿದ್ದರೆ ಕಾಲು ನಿಲ್ಲುವುದಿಲ್ಲ. ತುದಿಯಲ್ಲಿ ಇಗರ್ಜಿ, ಅದರ ಹಿಂದೆ ಗೋರಿಗಳು, ಗೋರಿಗಳ ಆಚೆ ಪಾದ್ರಿಯ ಮನೆ.

ಗೋರಿಕಲ್ಲುಗಳು ಮಲಗಿಸಿದ ಬಾಗಿಲಿನ ಹಾಗೆ ಒಂದಕ್ಕೊಂದು ತಾಗಿಕೊಂಡಿವೆ. 1850ರಲ್ಲಿ ಬ್ಯಾಬೇಜ್ ಎಂಬ ಅಧಿಕಾರಿ ಬಂದು ಈ ಊರಿನ ನೀರು, ಚರಂಡಿ ನೋಡಿ ವರದಿ ಬರೆದ. ಸತ್ತವರ ಸರಾಸರಿ ವಯಸ್ಸು 25.8. ನೂರರಲ್ಲಿ ನಲವತ್ತೊಂದು ಮಕ್ಕಳು ಆರು ವರ್ಷ ತುಂಬುವ ಮೊದಲೇ ಸತ್ತಿದ್ದವು. ವಿಕ್ಟೋರಿಯಾ ಕಾಲದ ಕಾದಂಬರಿಯಲ್ಲಿ ಎಲ್ಲರೂ ಬೇಗ ಸಾಯುತ್ತಾರೆ ಎಂದು ವಿದ್ಯಾರ್ಥಿಗಳು ನಗುತ್ತಿದ್ದರು. ಈ ಗೋರಿಗಳ ನಡುವೆ ಅವರನ್ನು ಕರೆದುಕೊಂಡು ಬರಬೇಕಿತ್ತು.

ಮನೆ 1928ರಿಂದ ಮ್ಯೂಸಿಯಂ ಆಗಿದೆ. ಎಡಕ್ಕೆ ಊಟದ ಕೋಣೆ. ಅಲ್ಲಿನ ಮೇಜಿನ ಮೇಲೆ ಮೂವರೂ ಬರೆದರು, ರಾತ್ರಿ ಅದರ ಸುತ್ತ ನಡೆಯುತ್ತಾ ಒಬ್ಬರಿಗೊಬ್ಬರು ಓದಿ ಹೇಳಿದರು. ಮೇಜಿನ ಮೇಲ್ಮೈಯಲ್ಲಿ ಶಾಯಿಯ ಕಲೆಗಳಿವೆ, ಮೇಣದಬತ್ತಿ ಸುಟ್ಟ ಗುರುತಿದೆ, ಯಾರೋ ಚಾಕುವಿನಿಂದ ಕೊರೆದ ಸಣ್ಣ 'ಇ' ಅಕ್ಷರವಿದೆ. ಅದರ ಹಿಂದೆಯೇ ಕಪ್ಪು ಸೋಫಾ. 1848ರ ಡಿಸೆಂಬರ್ 19ರಂದು ಮೂವತ್ತು ವರ್ಷದ ಎಮಿಲಿ ಕ್ಷಯದಿಂದ ಇದರ ಮೇಲೆಯೇ ತೀರಿಕೊಂಡಳು ಎನ್ನುತ್ತಾರೆ. ಪುಸ್ತಕ ಬಂದು ಒಂದು ವರ್ಷವಷ್ಟೇ ಆಗಿತ್ತು, ಅದೂ 'ಎಲಿಸ್ ಬೆಲ್' ಎಂಬ ಗಂಡು ಹೆಸರಿನಲ್ಲಿ. ಅಚ್ಚು ಹಾಕಲು ಅಕ್ಕತಂಗಿಯರೇ ಪ್ರಕಾಶಕನಿಗೆ ಐವತ್ತು ಪೌಂಡ್ ಮುಂಗಡ ಕೊಟ್ಟಿದ್ದರು. ಅವಳು ಹೋದ ಮೇಲೆ ಬರೆಯುವ ಪೆಟ್ಟಿಗೆ ತೆರೆದರೆ ಒಳಗೆ ಕಾದಂಬರಿಯ ಐದು ವಿಮರ್ಶೆಗಳ ತುಣುಕುಗಳು ಸಿಕ್ಕಿದವು. ಕತ್ತರಿಸಿ, ಜೋಪಾನ ಮಾಡಿ, ಯಾರಿಗೂ ತೋರಿಸದೆ ಇಟ್ಟುಕೊಂಡಿದ್ದಳು.

ಅಡುಗೆಮನೆ ನನಗೆ ಎಲ್ಲಕ್ಕಿಂತ ಹಿಡಿಸಿತು. ಎಮಿಲಿ ಇಲ್ಲಿ ರೊಟ್ಟಿಯ ಹಿಟ್ಟು ನಾದುತ್ತಾ ಎದುರಿಗೆ ಜರ್ಮನ್ ಪುಸ್ತಕ ನಿಲ್ಲಿಸಿಕೊಂಡು ಓದುತ್ತಿದ್ದಳಂತೆ. ಕೆಲಸದಾಕೆ ಟ್ಯಾಬಿ 1836ರಲ್ಲಿ ಕಾಲು ಮುರಿದುಕೊಂಡಾಗ, ಅವಳನ್ನು ಸೋದರಿಯ ಮನೆಗೆ ಕಳಿಸುವುದೆಂದು ದೊಡ್ಡಮ್ಮ ತೀರ್ಮಾನಿಸಿದರು. ಹುಡುಗಿಯರು ಊಟ ಬಿಟ್ಟು ಕೂತರು. ದೊಡ್ಡಮ್ಮ ಸೋತರು, ಟ್ಯಾಬಿ ಉಳಿದಳು. ಕಾದಂಬರಿಯ ಬಹುಪಾಲು ಕಥೆಯನ್ನು ಮನೆಗೆಲಸದ ನೆಲ್ಲಿಯ ಬಾಯಿಂದ ಹೇಳಿಸಿದ್ದು ಯಾಕೆ ಎಂದು ಈ ಒಲೆಯ ಎದುರು ನಿಂತರೆ ತಿಳಿಯುತ್ತದೆ. ದೊಡ್ಡವರ ಮನೆಯ ಗುಟ್ಟೆಲ್ಲ ಗೊತ್ತಿರುವುದು ಅಡುಗೆಮನೆಗೆ.

ಕಾದಂಬರಿಯ ನಡು ಮುರಿಯುವುದೂ ಅದರೊಳಗಿನ ಅಡುಗೆಮನೆಯಲ್ಲಿಯೇ. ಲಿಂಟನ್‌ರ ಮನೆಯಲ್ಲಿ ಐದು ವಾರ ಇದ್ದು ರೇಷ್ಮೆ ತೊಟ್ಟು ಬಂದ ಕ್ಯಾಥರಿನ್, ಎಡ್ಗರ್ ಲಿಂಟನ್‌ಗೆ ಮದುವೆಯ ಮಾತು ಕೊಟ್ಟು ನೆಲ್ಲಿಯ ಹತ್ತಿರ ಮನಸ್ಸು ಬಿಚ್ಚುತ್ತಾಳೆ. ಹೀತ್‌ಕ್ಲಿಫ್‌ನನ್ನು ಮದುವೆಯಾದರೆ ತಾನು ಕೀಳಾಗುತ್ತೇನೆ ಅನ್ನುತ್ತಾಳೆ. ಕತ್ತಲಲ್ಲಿ ಬೆಂಚಿನ ಮೇಲಿದ್ದ ಅವನು ಅಷ್ಟು ಕೇಳಿ ಎದ್ದುಹೋಗುತ್ತಾನೆ. ಅವನು ನನಗಿಂತ ಹೆಚ್ಚು ನಾನೇ, ನಮ್ಮಿಬ್ಬರ ಜೀವ ಒಂದೇ ವಸ್ತುವಿನಿಂದ ಆದದ್ದು ಎಂದು ಅವಳು ಹೇಳುವ ಹೊತ್ತಿಗೆ ಬೆಂಚು ಖಾಲಿ. ಅವಳು ಅವನನ್ನು ಪ್ರೀತಿಸಲಿಲ್ಲ ಎಂದಲ್ಲ. ಪ್ರೀತಿಯ ಮಾತಿಗಿಂತ ಮೊದಲು ಅಂತಸ್ತಿನ ಮಾತು ನಾಲಿಗೆಗೆ ಬಂತು. ಅದಕ್ಕೆ ಮುಂದಿನ ಇಪ್ಪತ್ತು ವರ್ಷ ಎರಡು ಮನೆಗಳು ದಂಡ ತೆತ್ತವು.

ಇದನ್ನು ಪ್ರೇಮಕಥೆ ಎಂದು ಕೈಗೆತ್ತಿಕೊಂಡವರು ಎರಡನೇ ಅರ್ಧಕ್ಕೆ ಬಂದಾಗ ಪುಸ್ತಕ ಕೆಳಗಿಡುತ್ತಾರೆ. ನಾನು ಅದನ್ನೇ ಹೆಚ್ಚು ಹೊತ್ತು ಪಾಠ ಮಾಡುತ್ತಿದ್ದೆ. ಮೂರು ವರ್ಷ ಕಳೆದು ಹಣದೊಂದಿಗೆ ಬಂದ ಹೀತ್‌ಕ್ಲಿಫ್ ಕತ್ತಿ ಹಿಡಿಯುವುದಿಲ್ಲ, ಕಾಗದ ಹಿಡಿಯುತ್ತಾನೆ. ಕುಡಿತ, ಜೂಜಿಗೆ ಬಿದ್ದ ಹಿಂಡ್ಲಿಗೆ ಸಾಲ ಕೊಟ್ಟು ಜಮೀನನ್ನು ಒಂದು ಗಜವೂ ಬಿಡದೆ ಅಡವು ಹಾಕಿಸಿಕೊಳ್ಳುತ್ತಾನೆ. ಹಿಂಡ್ಲಿ ಸತ್ತ ದಿನ ಮನೆ ಇವನದ್ದು. ಅದಕ್ಕೂ ಮೊದಲೇ ಲಿಂಟನ್‌ರ ಮಗಳನ್ನು ಮದುವೆಯಾಗಿರುತ್ತಾನೆ, ಮುಂದೆ ಆ ಮದುವೆಯಲ್ಲಿ ಹುಟ್ಟಿದ ರೋಗಿಷ್ಠ ಮಗನಿಗೆ ಕ್ಯಾಥರಿನ್‌ಳ ಮಗಳನ್ನು ಕೂಡಿಹಾಕಿ ಕಟ್ಟುತ್ತಾನೆ. ಹೆಂಡತಿಯ ಸೊತ್ತೆಲ್ಲ ಗಂಡನ ಕೈಗೆ ಹೋಗುವ ಕಾಲ. ಇದನ್ನು ಬದಲಿಸಿದ ಕಾನೂನುಗಳು ಇಂಗ್ಲೆಂಡಿನಲ್ಲಿ ಬಂದದ್ದು 1870 ಮತ್ತು 1882ರಲ್ಲಿ. ಮಗ ಸಾಯುವ ಮೊದಲು ಉಯಿಲು ಬರೆಸಿಕೊಂಡರೆ ಆಯಿತು. ಈ ಕಾನೂನಿನ ವಿವರಗಳನ್ನು ಎಮಿಲಿ ಎಷ್ಟು ಕರಾರುವಾಕ್ಕಾಗಿ ಬಳಸಿದ್ದಾಳೆ ಎಂಬುದನ್ನು ಸಿ.ಪಿ. ಸ್ಯಾಂಗರ್ ಎಂಬ ವಕೀಲರು 1926ರಲ್ಲಿ ಬಿಡಿಸಿ ತೋರಿಸಿದರು. ಅಡವು, ಮದುವೆ, ಉಯಿಲು. ಮೇಲಿನವರು ತಲೆತಲಾಂತರ ಆಸ್ತಿ ಕಾಪಾಡಿಕೊಂಡು ಬಂದ ಆಯುಧಗಳೇ ಇವು. ಅವನು ಹೊಸದೇನನ್ನೂ ಕಂಡುಹಿಡಿಯಲಿಲ್ಲ.

ಊಟದ ಕೋಣೆಗೆ ಮತ್ತೊಮ್ಮೆ ಬಂದೆ. ಇದೇ ಮನೆಯಲ್ಲಿ 1852ರ ಡಿಸೆಂಬರಿನಲ್ಲಿ ಸಹಾಯಕ ಪಾದ್ರಿ ಆರ್ಥರ್ ಬೆಲ್ ನಿಕಲ್ಸ್ ನಡುಗುತ್ತಾ ನಿಂತು ಶಾರ್ಲಟ್‌ಳನ್ನು ಮದುವೆಗೆ ಕೇಳಿದ. ತಂದೆ ಪ್ಯಾಟ್ರಿಕ್ ಕೆರಳಿ ಕೆಂಡವಾದರು. ಹಣವಿಲ್ಲದ ಸಹಾಯಕ ಪಾದ್ರಿ, ಹೆಸರಾಂತ ಲೇಖಕಿಯಾದ ತಮ್ಮ ಮಗಳಿಗೆ ಸಮನೇ ಎಂಬುದು ಅವರ ಪ್ರಶ್ನೆ. ಆ ಪ್ಯಾಟ್ರಿಕ್ ಸ್ವತಃ ಐರ್ಲೆಂಡಿನ ಬಡ ರೈತನ ಗುಡಿಸಲಲ್ಲಿ ಹುಟ್ಟಿ, 1802ರಲ್ಲಿ ಕೇಂಬ್ರಿಜ್ ಸೇರಿ, ಶುಲ್ಕದಲ್ಲಿ ರಿಯಾಯಿತಿ ಪಡೆದು ಓದಿದವರು. ಏಣಿ ಹತ್ತಿದವರೇ ಏಣಿಯ ಮೆಟ್ಟಿಲು ಎಣಿಸಿದರು. 1854ರ ಜೂನ್ 29ರಂದು ಮದುವೆಯಾಯಿತು, ತಂದೆ ಇಗರ್ಜಿಗೆ ಬರಲಿಲ್ಲ, ಹಳೆಯ ಟೀಚರ್ ಒಬ್ಬರು ಧಾರೆ ಎರೆದುಕೊಟ್ಟರು. ಒಂಬತ್ತು ತಿಂಗಳಿಗೆ ಗರ್ಭಿಣಿ ಶಾರ್ಲಟ್ ತೀರಿಕೊಂಡಳು. ಆಮೇಲೆ ನಿಕಲ್ಸ್ ಇದೇ ಮನೆಯಲ್ಲಿ ಉಳಿದ. ತನ್ನನ್ನು ಬಾಗಿಲಿನಿಂದ ಅಟ್ಟಿದ ಮುದುಕನನ್ನು 1861ರ ತನಕ, ಆರು ವರ್ಷ, ನೋಡಿಕೊಂಡ. ಅವನನ್ನು ಕಥೆಯ ನಾಯಕನೆಂದು ನೆನೆಯುವವರು ಕಡಿಮೆ. ನಾನು ಆ ಕೋಣೆಯ ಹೊಸ್ತಿಲಲ್ಲಿ ತುಂಬ ಹೊತ್ತು ನಿಂತದ್ದು ಅವನಿಗಾಗಿ.

ನಾಲ್ಕನೇ ದಿನ, ಟಾಪ್ ವಿದೆನ್ಸ್ ಮತ್ತು ಪಾಂಡೆನ್

ಬೆಳಿಗ್ಗೆ ಎಂಟಕ್ಕೇ ಹೊರಟೆವು. ಮಳೆ ನಿಂತಿತ್ತು, ಗಾಳಿ ನಿಂತಿರಲಿಲ್ಲ. ಹೆದರ್ ಗಿಡ ಹೂಬಿಟ್ಟ ಕಾಲ. ಮೊಣಕಾಲೆತ್ತರದ ಪೊದೆ, ಗುಡ್ಡದ ಮೇಲೆ ಗುಡ್ಡ ನೇರಳೆ. ಹೂವನ್ನು ಹತ್ತಿರ ಹಿಡಿದು ನೋಡಿದರೆ ಒಂದೊಂದೂ ಸಾಸಿವೆಗಿಂತ ಸ್ವಲ್ಪ ದೊಡ್ಡದು, ಕಡ್ಡಿಯ ತುಂಬ ಸಾಲಾಗಿ ಜೋತುಬಿದ್ದಿದೆ. ಕೆಳಗಿನ ನೆಲ ಕಪ್ಪು ಪೀಟ್, ಕೊಳೆತ ಪಾಚಿ ಶತಮಾನಗಳಿಂದ ಒತ್ತಿಕೊಂಡು ಆದದ್ದು. ಗಟ್ಟಿ ಎಂದು ಕಾಲಿಟ್ಟರೆ ಮೊಣಕಾಲಿನ ತನಕ ಹೂತುಹೋಯಿತು, ಶೂ ಒಳಗೆ ತಣ್ಣನೆ ಕೆಸರು. 1824ರಲ್ಲಿ ಇದೇ ಗುಡ್ಡಸಾಲಿನಲ್ಲಿ ಜೌಗು ಒಡೆದು ಕೆಸರಿನ ಪ್ರವಾಹ ಹರಿದಾಗ ಬ್ರಾಂಟೆ ಮಕ್ಕಳು ಹೊರಗೆ ತಿರುಗಲು ಹೋಗಿದ್ದರಂತೆ. ಎಮಿಲಿಗೆ ಆಗ ಆರು ವರ್ಷ.

ಜಲಪಾತ ದಾಟಿ, ಸಣ್ಣ ಕಲ್ಲುಸೇತುವೆ ದಾಟಿ ಏರಬೇಕು. ದಾರಿಕಂಬಗಳ ಮೇಲೆ ಜಪಾನಿ ಲಿಪಿಯಲ್ಲೂ ಬರೆದಿದ್ದಾರೆ. ಅಷ್ಟು ದೂರದಿಂದ ಜನ ಬರುತ್ತಾರೆ. ನಾಲ್ಕು ಮೈಲಿ ನಡೆದರೆ ಟಾಪ್ ವಿದೆನ್ಸ್: ಸೂರಿಲ್ಲದ ಹಳೆಯ ತೋಟದ ಮನೆಯ ಗೋಡೆಗಳು, ಪಕ್ಕದಲ್ಲಿ ಗಾಳಿಗೆ ಬಾಗಿದ ಮರ. 1964ರಲ್ಲಿ ಬ್ರಾಂಟೆ ಸೊಸೈಟಿ ಒಂದು ಫಲಕ ಹಾಕಿದೆ. ಈ ಕಟ್ಟಡಕ್ಕೂ ಕಾದಂಬರಿಯ ಮನೆಗೂ ಹೋಲಿಕೆಯಿಲ್ಲ, ಇದು ನಿಂತ ಜಾಗ ಮಾತ್ರ ಲೇಖಕಿಯ ಮನಸ್ಸಿನಲ್ಲಿ ಇದ್ದಿರಬಹುದು ಎಂದು ಅದರಲ್ಲಿದೆ. ಆ ಪ್ರಾಮಾಣಿಕತೆ ನನಗೆ ಇಷ್ಟವಾಯಿತು. ಗೋಡೆಯ ಮರೆಯಲ್ಲಿ ಕೂತು ಬುತ್ತಿ ಬಿಚ್ಚಿದೆವು, ಚಪಾತಿ ಮತ್ತು ಮಾವಿನ ಮಿಡಿ ಉಪ್ಪಿನಕಾಯಿ. ಹೊರಗೆ ಕೂತರೆ ಚಪಾತಿ ಹಾರಿಹೋಗುವಂಥ ಗಾಳಿ.

ಇಳಿಯುವಾಗ ಪೆನ್ನೈನ್ ವೇ ಹಾದಿ ಹಿಡಿದು ಪಾಂಡೆನ್ ಹಾಲಿನ ಕಡೆ ಬಂದೆವು. ಹೀಟನ್ ಎಂಬ ಮನೆತನದ ಹಳೆಯ ಕಲ್ಲುಮನೆ. ಬ್ರಾಂಟೆ ಮಕ್ಕಳು ಇಲ್ಲಿಗೆ ಬರುತ್ತಿದ್ದರು, ಇಲ್ಲಿನ ಪುಸ್ತಕಗಳನ್ನು ಓದುತ್ತಿದ್ದರು ಎನ್ನುತ್ತಾರೆ. ಬಾಗಿಲ ಮೇಲೆ ಕಲ್ಲಿನ ಬರಹವಿದೆ: ಯಾರು ಯಾರಿಗಾಗಿ ಕಟ್ಟಿಸಿದರು, ಯಾವ ವರ್ಷ. ಕೊನೆಯಲ್ಲಿ, ಮನೆಯನ್ನು ಹೊಸದಾಗಿ ಕಟ್ಟಿದ ವರ್ಷ 1801. ಎಮಿಲಿಯ ಕಾದಂಬರಿ ಶುರುವಾಗುವುದೇ ಆ ಇಸವಿಯಿಂದ. ಮೊದಲ ಪುಟದ ಮೊದಲ ಪದವೇ ಆ ಅಂಕಿ.

ಕಾದಂಬರಿಯ ಮನೆಯ ಬಾಗಿಲ ಮೇಲೂ ಹೀಗೆಯೇ ಕೆತ್ತಿದೆ: ಹೇರ್ಟನ್ ಅರ್ನ್‌ಷಾ, 1500. ಹಿಂಡ್ಲಿಯ ಮಗನ ಹೆಸರೂ ಹೇರ್ಟನ್ ಅರ್ನ್‌ಷಾ. ತನ್ನನ್ನು ಕೊಟ್ಟಿಗೆಯ ಆಳಾಗಿ ಮಾಡಿದ ಹಿಂಡ್ಲಿಯ ಮೇಲಿನ ಸಿಟ್ಟಿಗೆ ಹೀತ್‌ಕ್ಲಿಫ್ ಆ ಹುಡುಗನಿಗೆ ಅಕ್ಷರ ಕಲಿಸುವುದಿಲ್ಲ. ಸಂಬಳವಿಲ್ಲದ ಆಳಾಗಿ ಅವನದೇ ಮನೆಯಲ್ಲಿ ದುಡಿಸುತ್ತಾನೆ. ದಿನಾ ತನ್ನ ಹೆಸರಿನ ಕೆಳಗೇ ಓಡಾಡುವ ಹುಡುಗನಿಗೆ ಅದು ತನ್ನ ಹೆಸರೆಂದು ಓದಲು ಬರುವುದಿಲ್ಲ. ಇಡೀ ಪುಸ್ತಕದಲ್ಲಿ ನನ್ನನ್ನು ಅಳಿಸುವುದು ಕ್ಯಾಥರಿನ್‌ಳ ಸಾವಲ್ಲ, ಇದು. ಮುಂದೊಂದು ದಿನ ಅವನು ಕಷ್ಟಪಟ್ಟು ಹೆಸರು ಓದಿ ತೋರಿಸುತ್ತಾನೆ. ಹಾಗಾದರೆ ಅಂಕಿಗಳು, ಎಂದು ಕ್ಯಾಥರಿನ್‌ಳ ಮಗಳು, ಎಳೆಯ ಕ್ಯಾಥಿ, ಕೇಳುತ್ತಾಳೆ. ಅದು ಇನ್ನೂ ಬಾರದು ಅನ್ನುತ್ತಾನೆ. ಅವಳು ನಕ್ಕುಬಿಡುತ್ತಾಳೆ. ಆ ನಗು ತಪ್ಪೆಂದು ತಿಳಿಯಲು ಅವಳಿಗೆ ಬಹಳ ಕಾಲ ಹಿಡಿಯುತ್ತದೆ. ಕೊನೆಗೆ ಬಿಳಿ ಕಾಗದದಲ್ಲಿ ಒಂದು ಪುಸ್ತಕ ಸುತ್ತಿ ಅವನಿಗೆ ಕೊಡುತ್ತಾಳೆ, ಪಕ್ಕ ಕೂತು ಓದಲು ಕಲಿಸುತ್ತಾಳೆ. ಪುಸ್ತಕದಿಂದ ತಲೆಯೆತ್ತಿದ ಆ ಇಬ್ಬರ ಕಣ್ಣುಗಳನ್ನು ನೋಡಿದ ಮೇಲೆ ಹೀತ್‌ಕ್ಲಿಫ್‌ಗೆ ಕೆಡವಲು ಕೈ ಏಳುವುದಿಲ್ಲ. ಎರಡೂ ಜೋಡಿ ಕಣ್ಣು ಸತ್ತ ಕ್ಯಾಥರಿನ್‌ಳವು.

ಮನೆ ಖಾಸಗಿಯವರದ್ದು, ಹಾಗಾಗಿ ಹಾದಿಯಲ್ಲೇ ನಿಂತೆವು. ಮಗಳು ಮೊಬೈಲಿನಲ್ಲಿ ಆ ಕಲ್ಲನ್ನು ದೊಡ್ಡದು ಮಾಡಿ ತೆಗೆದು ನನ್ನ ಕೈಗಿಟ್ಟಳು. ಅಕ್ಷರಗಳು ಸವೆದಿದ್ದವು.

"ಓದ್ ಕಾಂಬ" ಅಂದಳು.

ಅಜ್ಜಯ್ಯನ ವಿಷಯವನ್ನು ಅವಳಿಗೆ ಅಲ್ಲಿ ಹೇಳಿದೆ. ಗದ್ದೆ ಹೋದದ್ದು ಅವಳಿಗೆ ಗೊತ್ತಿತ್ತು, ಪತ್ರ ಓದಲು ಬಾರದೆ ಹೋದದ್ದು ಗೊತ್ತಿರಲಿಲ್ಲ. ನಾನು ಎರಡನೇ ಕ್ಲಾಸಿನಲ್ಲಿದ್ದಾಗ ಜಗಲಿಯಲ್ಲಿ ನನ್ನ ಸ್ಲೇಟು ತೆಗೆದುಕೊಂಡು ಕೂತು, ಬಳಪ ಹಿಡಿಯಲು ಬಾರದ ಆ ಹಗ್ಗ ಎಳೆದ ಕೈಯಲ್ಲಿ ತನ್ನ ಹೆಸರಿನ ನಾಲ್ಕು ಅಕ್ಷರಗಳನ್ನು ನನ್ನಿಂದ ಬರೆಯಿಸಿ ಅದರ ಮೇಲೆಯೇ ತಿದ್ದುತ್ತಿದ್ದರು. ತಪ್ಪಿದರೆ ನಾನು ನಗುತ್ತಿದ್ದೆ.

ಮಗಳು ಏನೂ ಹೇಳಲಿಲ್ಲ. ಮೊಬೈಲಿನ ಮೇಲೆ ಬಗ್ಗಿ ಕಲ್ಲಿನ ಮೇಲಿದ್ದುದನ್ನು ಇಬ್ಬರೂ ಒಂದೊಂದೇ ಅಕ್ಷರ ಕೂಡಿಸಿ ಓದಿದೆವು. ಕೊನೆಯ ಅಂಕಿಗಳನ್ನೂ.